ಮೈಗೆ ಹತ್ತದ ಗುಳಿಗೆ

ಹುಣಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮಗಳ ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಒತ್ತುಕಾಗದಕ್ಕೆ ಮುಟ್ಟಿಸಿದರು. ಅದು ಹರಡಿ ಆರುವವರೆಗೆ ಕಾದು, ಒಂದು ಸಣ್ಣ ಪುಸ್ತಕದಲ್ಲಿದ್ದ ಕೆಂಪು ಪಟ್ಟಿಗಳ ಪಕ್ಕ ಹಿಡಿದು ನೋಡಿದರು. ಒಟ್ಟು ಹತ್ತು ಪಟ್ಟಿ. ಮೊದಲನೆಯದು ನೀರಿನಲ್ಲಿ ಕದಡಿದ ಕುಂಕುಮದ ಹಾಗೆ, ಕೊನೆಯದು ಗಟ್ಟಿ ಕೆಂಪು. ಸರ್ವಮಂಗಳೆಯ ರಕ್ತ ನಾಲ್ಕನೆಯದಕ್ಕೆ ಸರಿಹೊಂದಿತು. ತಿಂಗಳ ಹಿಂದೆಯೂ ನಾಲ್ಕನೆಯದೇ.

"ರಕ್ತದ ಬಲ ನೂರಕ್ಕೆ ನಲವತ್ತು," ಎಂದರು ಡಾಕ್ಟರಮ್ಮ. "ಒಂದು ತಿಂಗಳಿಂದ ಕಬ್ಬಿಣದ ಮಾತ್ರೆ ಕೊಡ್ತಿದ್ದೀನಿ, ದಿನಕ್ಕೆ ಮೂರು. ಇಷ್ಟು ಹೊತ್ತಿಗೆ ಎರಡು ಪಟ್ಟಿ ಏರಬೇಕಿತ್ತು. ನಿಜ ಹೇಳಿ, ಎಲ್ಲಿಗೆ ಎಸೀತಿದ್ದೀರಿ?"

"ಎಸೆಯಲ್ಲ ಕಣ್ರವ್ವ. ನನ್ನ ಕೈಯಾರ ನಾನೇ ನುಂಗುಸ್ತೀನಿ."

ಔಷಧಿ ಕಟ್ಟುತ್ತಿದ್ದ ಕಾಂಪೌಂಡರು ತಲೆಯೆತ್ತದೆ ನಕ್ಕ. "ಎಲ್ಲಾರೂ ಹಂಗೇ ಹೇಳೋದು. ಹೋದ್ವಾರ ಒಬ್ಬರ ಮನೆ ಕೋಳಿ ಮಾತ್ರೆ ತಿಂದು ಒಳ್ಳೆ ಪುಷ್ಟಿಯಾಗಿತ್ತಂತೆ."

"ನಾವು ಕೋಳಿ ಸಾಕೋ ಜನ ಅಲ್ಲ ಸ್ವಾಮಿ," ಎಂದೆ.

ಡಾಕ್ಟರಮ್ಮ ನಗಲಿಲ್ಲ. ಮಗಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನನಗೆ ತೋರಿಸಿದರು. ಒಳಗೆ ಸುಣ್ಣ ಬಳಿದಂತಿತ್ತು. "ಹೆರಿಗೇಲಿ ಎಲ್ಲರಿಗೂ ರಕ್ತ ಹೋಗತ್ತೆ. ಇದ್ದವರು ತಡ್ಕೋತಾರೆ. ಇವಳ ಹತ್ರ ಹೋಗೋದಕ್ಕೆ ಏನಿದೆ? ಇದೇ ಮೈಯಲ್ಲಿ ಹೆರಿಗೆ ಆದರೆ ಮಗು ಉಳಿದರೂ ಇವಳು ಉಳೀತಾಳೆ ಅಂತ ನಾನು ಹೇಳಲಾರೆ. ಇನ್ನೂ ಐದಾರು ವಾರ ಇದೆ. ಮಾತ್ರೆ ತಿನ್ನಿಸಿ. ಹದಿನೈದು ದಿನ ಇರೋವಾಗಲೇ ಮೈಸೂರಿಗೆ ಕರ್ಕೊಂಡು ಹೋಗಿ, ಅಲ್ಲಿ ರಕ್ತ ಕೊಡೋ ಅನುಕೂಲ ಇದೆ."

ಹನಗೋಡಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಮಗಳ ಮುಖವನ್ನೇ ನೋಡುತ್ತಾ ಕುಳಿತಿದ್ದೆ. ಚೊಚ್ಚಲ ಹೆರಿಗೆಗೆಂದು ಮಿರ್ಲೆಯ ಅತ್ತೆಮನೆಯಿಂದ ತವರಿಗೆ ಕರೆತಂದವಳು ನಾನು. ಅವಳಪ್ಪ ಇದ್ದಿದ್ದರೆ ಜೊತೆಗೊಬ್ಬರು ಎನ್ನುವುದಿತ್ತು. ಅವರು ಹೋಗಿ ಏಳು ವರ್ಷ. ಮಾತ್ರೆ ಕೊಡುತ್ತಿರುವವಳು ನಾನು, ನುಂಗುತ್ತಿರುವವಳು ಅವಳು. ನಾನು ಕೊಡುತ್ತಿರುವುದಂತೂ ನಿಜ. ಹಾಗಾದರೆ ತಪ್ಪುವುದೆಲ್ಲಿ?

ಮನೆಗೆ ಬಂದವಳೇ ಅವಳ ಚಾಪೆ ಕೊಡವಿದೆ. ಗೂಡು ತಡಕಿದೆ, ತಿಪ್ಪೆಯನ್ನು ಕೋಲಿನಿಂದ ಕೆದಕಿದೆ. ಏನೂ ಸಿಗಲಿಲ್ಲ. ಅಂದಿನಿಂದ ಮಾತ್ರೆ ನುಂಗಿಸಿದ ಮೇಲೆ "ಬಾಯ್ ತಗಿ" ಎಂದು ನಾಲಿಗೆಯಡಿಗೆ ಬೆರಳು ಹಾಕಿ ನೋಡಲು ಶುರುಮಾಡಿದೆ.

ಮೂರನೆಯ ದಿನ ಅವಳು ನನ್ನ ಕೈ ಹಿಡಿದುಕೊಂಡಳು. "ನಾನೇನು ಸಾಯಕ್ಕೆ ಆಸೆ ಪಟ್ಟು ಕೂತಿವ್ನಾ ಅವ್ವ?"

"ಮತ್ತೆ ಯಾಕವ್ವ ಏರ್ಲಿಲ್ಲ?"

"ನಂಗೇನು ಗೊತ್ತು. ನೀ ಕೊಟ್ಟಿದ್ದ ನುಂಗ್ತೀನಿ."

ಆ ಮಾತ್ರೆ ಅವಳಿಗೆ ಮೊದಲಿನಿಂದಲೂ ಒಗ್ಗಿರಲಿಲ್ಲ. ಮೊದಲ ವಾರ ನುಂಗಿದ್ದೆಲ್ಲ ವಾಂತಿ, ಇಲ್ಲದಿದ್ದರೆ ಭೇದಿ. ಆಗ ನಾನು ನಮ್ಮ ಮಾವನವರ ಕಷಾಯ ಕಾಯಿಸಿದೆ. ಮಾವನವರು ಈ ಸುತ್ತಿಗೆಲ್ಲ ಬೇಕಾಗಿದ್ದ ನಾಟಿ ಪಂಡಿತರು. ಅವರು ಬರೆದಿಟ್ಟ ಅರವತ್ತು ಕಷಾಯಗಳ ಪುಸ್ತಕ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ದಾಳಿಂಬೆ ಸಿಪ್ಪೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಶುಂಠಿಯೊಡನೆ ಎಂಟಕ್ಕೊಂದಾಗುವಂತೆ ಕಾಯಿಸಿ, ಜೇನು ಬೆರೆಸಿ ಕೊಡುವುದು. ಬಸುರಿಯ ಹೊಟ್ಟೆ ಕೆಟ್ಟರೆ ಅದಕ್ಕಿಂತ ಮೇಲಾದದ್ದಿಲ್ಲ. ಕೊಟ್ಟ ಎರಡೇ ದಿನಕ್ಕೆ ವಾಂತಿ, ಭೇದಿ ಎರಡೂ ನಿಂತವು. ಆಮೇಲೆ ಮೂರು ಹೊತ್ತೂ ಮಾತ್ರೆಯನ್ನು ಆ ಕಷಾಯದಲ್ಲೇ ನುಂಗಿಸಿದೆ. ಹೊರಗೆ ಬರಲಿಲ್ಲವೆಂದರೆ ಮೈಗೆ ಹತ್ತಿತು ಎಂದೇ ನಾನು ತಿಳಿದದ್ದು.

ಡಾಕ್ಟರಮ್ಮನಿಗೆ ಇದನ್ನು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಮನೆಮದ್ದಿನ ಹೆಸರು ಎತ್ತಬಾರದೆಂದು ನಮ್ಮ ಕಡೆ ಯಾರಿಗೆ ತಿಳಿಯದು? ಬೈದು ಕಳಿಸುತ್ತಾರೆ. ಪಂಡಿತರ ಮುಂದೆ ಆಸ್ಪತ್ರೆಯ ಮಾತ್ರೆಯ ಹೆಸರನ್ನೂ ಎತ್ತುವುದಿಲ್ಲ. ಎರಡು ಕಡೆಯ ಮದ್ದೂ ತಿನ್ನುತ್ತೇವೆ, ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುತ್ತೇವೆ.

ಆಗ ನಮ್ಮ ಪಡಸಾಲೆಯಲ್ಲಿ ಷಣ್ಮುಖಪ್ಪನವರು ಇದ್ದರು. ಮೈಸೂರಿನ ಕಾಲೇಜಿನಲ್ಲಿ ರಸಾಯನ ಕಲಿಸುವವರು. ನಾಟಿ ಮದ್ದುಗಳಲ್ಲಿ ಏನೇನಿದೆ ಎಂದು ಪರೀಕ್ಷೆ ಮಾಡಲು ಬಂದಿದ್ದರು. ಮಾವನವರ ಪುಸ್ತಕದ ಸುದ್ದಿ ಅವರನ್ನು ನಮ್ಮ ಮನೆಗೆ ತಂದಿತ್ತು. ಹೆಗ್ಗಡದೇವನಕೋಟೆ ಕಡೆಯ ಕಾಡಿನಿಂದ ಮಂಟಯ್ಯ ಎಂಬ ಮುದುಕ ಬೇರು ತೊಗಟೆಗಳನ್ನು ತಂದು ಹಾಕುತ್ತಿದ್ದ. ತೊಳೆಯುವುದು, ಒಣಗಿಸುವುದು, ಕುಟ್ಟುವುದು, ಅಳತೆ ಹಿಡಿದು ಕಾಯಿಸುವುದು ನನ್ನ ಪಾಲಿನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒನಕೆ ಹಿಡಿದು ಅಂಗೈಗೆ ಬೊಬ್ಬೆ ಬಂದಿತ್ತು.

ಆಸ್ಪತ್ರೆಯಿಂದ ಬಂದ ಮುಂದಿನ ಸೋಮವಾರ ಅವರು ಹನ್ನೆರಡು ಕಷಾಯಗಳನ್ನು ಗಾಜಿನ ಕೊಳವೆಗಳಲ್ಲಿ ಸಾಲಾಗಿ ನಿಲ್ಲಿಸಿದ್ದರು. ಒಂದು ಹಳದಿ ನೀರಿನಿಂದ ಒಂದೊಂದಕ್ಕೂ ಎರಡೆರಡು ಹನಿ ಬಿಡುತ್ತಾ ಹೋದರು. ಅಮೃತಬಳ್ಳಿ ಹಾಗೇ ಉಳಿಯಿತು. ಶುಂಠಿಯೂ ಹಾಗೇ. ಅಳಲೆಕಾಯಿ ಕಪ್ಪಾಯಿತು. ದಾಳಿಂಬೆ ಸಿಪ್ಪೆಯದಂತೂ ಹನಿ ಬಿದ್ದಲ್ಲೇ ಕಡುನೀಲಿಗೆ ತಿರುಗಿ, ನೋಡುತ್ತಿದ್ದಂತೆ ಶಾಯಿಯಾಯಿತು.

"ನೋಡ್ಲಾ, ಅವ್ವಾರು ಕಾಸಿದ್ದು ಶಾನುಭೋಗರ ದೌತಿಗೇ ಆಯ್ತದೆ," ಎಂದ ಮಂಟಯ್ಯ, ತನಗೆ ತಾನೇ.

ಷಣ್ಮುಖಪ್ಪನವರು ನಕ್ಕರು. "ಹಿಂದೆ ಶಾಯಿ ಮಾಡುತ್ತಿದ್ದದ್ದೇ ಹೀಗಲ್ಲವೇ? ಒಗರಿನ ಕಾಯಿಯೋ ಸಿಪ್ಪೆಯೋ, ಅದಕ್ಕೆ ಕಬ್ಬಿಣದ ಉಪ್ಪು. ಒಗರು ಕಬ್ಬಿಣವನ್ನು ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಬಿಡುವುದಿಲ್ಲ."

"ಆ ಹಳದಿ ನೀರು ಕಬ್ಬಿಣವಾ?"

"ಕಬ್ಬಿಣವೇ."

ನಾನು ಒಳಗೆ ಹೋದೆ. ಮಗಳು ಮಲಗಿದ್ದಳು. ಗೂಡಿನಲ್ಲಿದ್ದ ಪೊಟ್ಟಣದಿಂದ ಒಂದು ಮಾತ್ರೆ, ಒಲೆಯ ಪಕ್ಕದಲ್ಲಿದ್ದ ಅವಳ ಮಧ್ಯಾಹ್ನದ ಕಷಾಯದ ಲೋಟ, ಎರಡನ್ನೂ ತಂದು ಅವರ ಮೇಜಿನ ಮೇಲಿಟ್ಟೆ. ಮಾತ್ರೆಯನ್ನು ಗುಂಡುಕಲ್ಲಿನಲ್ಲಿ ಒಡೆದು ಲೋಟಕ್ಕೆ ಹಾಕಿ ಕದಡಿದೆ. ಅವರು ಏನು ಎತ್ತ ಎಂದು ಕೇಳುವ ಮೊದಲೇ ಕಷಾಯ ಮಸುಕಾಯಿತು. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯಲಿಲ್ಲ.

"ಇದನ್ನ ಯಾರು ಕುಡೀತಾರೆ?" ಎಂದು ಕೇಳಿದರು.

"ನನ್ನ ಮಗಳು. ಒಂದು ತಿಂಗಳಿಂದ. ಮೂರು ಹೊತ್ತು."

ಅವರು ಲೋಟವನ್ನು ಕೊಳವೆಯ ಪಕ್ಕ ಹಿಡಿದು ನೋಡಿದರು.

"ಅವಳ ಹೊಟ್ಟೇಲೂ ಹಿಂಗೇ ಆಯ್ತಾ ಅದಾ ಸ್ವಾಮಿ?"

"ಹಾಗಂತ ನಾನು ಹೇಳಲಾರೆ, ಶಿವರುದ್ರಮ್ಮನವರೇ. ಗಾಜಿನ ಕೊಳವೆ ಬೇರೆ, ಮನುಷ್ಯರ ಹೊಟ್ಟೆ ಬೇರೆ. ಹೊಟ್ಟೆಯಲ್ಲಿ ಹುಳಿ ಇದೆ, ಪಿತ್ತ ಇದೆ. ಇಲಿಗಳಿಗೆ ಕೊಟ್ಟು, ರಕ್ತ ನೋಡಿ, ಮತ್ತೆ ಮತ್ತೆ ಮಾಡಿ ಹೇಳಬೇಕಾದ ಮಾತು."

"ಎಷ್ಟು ದಿನ ಬೇಕು?"

"ಆರು ತಿಂಗಳಾದರೂ ಬೇಕು."

"ನನ್ನ ಮಗಳಿಗೆ ಐದು ವಾರ ಅದೆ," ಎಂದೆ.

ಅವರು ಕೊಳವೆಗಳನ್ನು ತೊಳೆದಿಟ್ಟರು. ಸಂಜೆ ತಿರುಗಾಡಲು ಹೊರಟವರು ಬಾಗಿಲ ಬಳಿ ನಿಂತು, "ನನ್ನ ಮಗಳಾಗಿದ್ದರೆ ನಾನು ಇವತ್ತೇ ಕಷಾಯ ನಿಲ್ಲಿಸುತ್ತಿದ್ದೆ. ಮಾತ್ರೆಯನ್ನು ಹುಳಿಯ ಜೊತೆ ಕೊಡುತ್ತಿದ್ದೆ. ಇದು ಶಾಸ್ತ್ರವಲ್ಲ, ನನ್ನ ಊಹೆ," ಎಂದು ಹೋದರು.

ಊಹೆಯನ್ನು ನಂಬಿ ನಾನು ಮಾವನವರ ಕಷಾಯವನ್ನು ಬಚ್ಚಲಿಗೆ ಚೆಲ್ಲಿದೆ. ಆ ದಿನ ಅಡಿಗೆಮನೆಯಲ್ಲಿ ಕುಳಿತು ಮೂವತ್ತು ದಿನ, ದಿನಕ್ಕೆ ಮೂರು ಎಂದು ಎಣಿಸಿದೆ. ಏಳು ದಿನ ಕಕ್ಕಿದ್ದು ಬಿಟ್ಟರೂ ಅರವತ್ತೊಂಬತ್ತು ಮಾತ್ರೆ. ಅಷ್ಟೂ ಶಾಯಿಯಾಗಿ ಹೊರಗೆ ಹೋಗಿತ್ತು. ಅದನ್ನು ಮಾಡಿದ ನನ್ನ ಕೈಯೇ ಅವಳ ಬಾಯೊಳಗೆ ಬೆರಳು ಹಾಕಿ ಕಳ್ಳತನ ಹುಡುಕಿತ್ತು.

ಕಷಾಯ ನಿಂತ ಮಾರನೆಯ ದಿನವೇ ವಾಂತಿ ಮರುಕಳಿಸಿತು. ಮಾತ್ರೆ ಹೋಗುವುದು, ಅರ್ಧ ಗಳಿಗೆಗೆ ಬರುವುದು. ಕಕ್ಕಿದ್ದರಲ್ಲಿ ಮಾತ್ರೆ ಇದೆಯೇ ಎಂದು ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಇದ್ದರೆ ಮತ್ತೊಂದು ನುಂಗಿಸುತ್ತಿದ್ದೆ.

"ಅವ್ವ, ಒಂದ್ ಗುಟುಕು ಕಷಾಯ ಕೊಡು. ಕರುಳು ಕಿತ್ತು ಬಾಯ್ಗೆ ಬತ್ತಾದೆ."

"ಬ್ಯಾಡ ಕಣ್ ಮಗ."

"ಅದ ಕುಡುದ್ರೆ ನಿಲ್ತದೆ. ನೀನೇ ಅಲ್ವಾ ಹೇಳಿದ್ದು, ತಾತನ ಕಷಾಯ ಯಾರ್ಗೂ ಕೆಟ್ಟದ್ ಮಾಡಿಲ್ಲ ಅಂತ?"

"ಬ್ಯಾಡ ಅಂದೆ."

"ಯಾಕೆ, ಹೇಳು."

ನಾಲ್ಕು ದಿನ ಹೇಳಲಿಲ್ಲ. ಐದನೆಯ ದಿನ ಅವಳು ನನ್ನ ಸೆರಗು ಹಿಡಿದುಕೊಂಡು ಮಗುವಿನಂತೆ ಬೇಡಿದಾಗ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿದಳು. "ಅತ್ತೆಗೆ ಹೇಳ್ಬೇಡ," ಎಂದಳು. ಅಷ್ಟೇ.

ಷಣ್ಮುಖಪ್ಪನವರು ಮಾತ್ರೆಯನ್ನು ಅರ್ಧರ್ಧ ಮಾಡಿ, ಎರಡು ತುತ್ತು ಅನ್ನದ ಮೇಲೆ ಕೊಟ್ಟು ನೋಡಿ ಎಂದರು. ಮಂಟಯ್ಯ ಎಲ್ಲಿಂದಲೋ ಒಂದು ಗೋಣಿಚೀಲದ ತುಂಬ ಗಜನಿಂಬೆ ತಂದು ಸುರಿದ.

"ಇಷ್ಟೊಂದು ಯಾಕೆ ತಂದ್ಯೋ?"

"ಮಡಕೇರಿ ದಾರೀಲಿ ಒಂದ್ ಮರ ಬಡ್ಕಂಡು ನಿಂತಿತ್ತು ಕಣ್ರವ್ವ, ಕಿತ್ಕೊಂಡೋಗು ಅಂತ. ನಮ್ ಮೂಗಿನ್ ಮಾತು ಕೇಳಿ, ಮೊದ್ಲು ಮೂಸ್ಲಿ, ಆಮೇಕೆ ನುಂಗ್ಲಿ. ನಾರೂ ಬೇರೂ ನಲ್ವತ್ತೊರ್ಷ ಹೊತ್ತಿವ್ನಿ, ನಂಗೂ ಒಸಿ ತಿಳೀತದೆ."

ಸಿಪ್ಪೆ ಮೂಸಿದರೆ ಅವಳಿಗೆ ಓಕರಿಕೆ ಕಡಿಮೆಯಾಗುತ್ತಿತ್ತು. ನಿಂಬೆ ರಸದಲ್ಲಿ ಅರ್ಧ ಮಾತ್ರೆ, ದಿನಕ್ಕೆ ಆರು ಸಲ. ಎರಡು ಸಲ ಕಕ್ಕಿದರೆ ನಾಲ್ಕು ಸಲ ಉಳಿಯುತ್ತಿತ್ತು. ನನಗೆ ಅಷ್ಟೇ ಬೇಕಾಗಿತ್ತು. ಹತ್ತು ದಿನ, ಹದಿನೈದು ದಿನ. ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದೆ. ಒಮ್ಮೆ ಕೆಂಪೇರಿದೆ ಅನಿಸುತ್ತಿತ್ತು, ಇನ್ನೊಮ್ಮೆ ಕಿಟಕಿಯ ಬಿಸಿಲಿನ ಮೋಸ ಅನಿಸುತ್ತಿತ್ತು.

ಮೈಸೂರಿಗೆ ಹೊರಡಲು ಇನ್ನು ನಾಲ್ಕು ದಿನ ಇರುವಾಗ, ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ನನಗೆ ಮಗಳು ಬಾಗಿಲು ಹಿಡಿದು ನಿಂತದ್ದು ಕಾಣಿಸಿತು. ನೀರು ಒಡೆದು ಕಾಲಡಿ ಹರಿದಿತ್ತು. ಮೂರು ದಿನದಿಂದ ಬಿಡದೆ ಹುಯ್ಯುತ್ತಿದ್ದ ಮಳೆಗೆ ಲಕ್ಷ್ಮಣತೀರ್ಥ ಹೊಳೆ ರಸ್ತೆಯ ಮೇಲೆ ಬಂದು ಬಸ್ಸು ನಿಂತಿತ್ತು. ಊರಿನ ಸೂಲಗಿತ್ತಿ ಬಂದು ಅವಳ ಬಿಳಿಚಿದ ಉಗುರು ನೋಡಿ, "ನಾ ಮುಟ್ಟಕ್ಕಿಲ್ಲ ಕಣವ್ವ, ಆಸ್ಪತ್ರೆಗೆ ಒಯ್ರಿ," ಎಂದಳು. ಷಣ್ಮುಖಪ್ಪನವರು ಗಾಡಿ ಹೂಡಿಸಿದರು. ಮಂಟಯ್ಯ ಎತ್ತುಗಳ ಮುಂದೆ ನೀರಿನಲ್ಲಿ ನಡೆಯುತ್ತಾ, ಕೋಲಿನಿಂದ ರಸ್ತೆ ಎಲ್ಲಿದೆ ಎಂದು ಚುಚ್ಚಿ ನೋಡುತ್ತಾ ಹೋದ. ಹುಣಸೂರು ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು.

ಡಾಕ್ಟರಮ್ಮ ಬೆರಳು ಚುಚ್ಚಿ ಕಾಗದಕ್ಕೆ ಮುಟ್ಟಿಸಿದರು. ಪುಸ್ತಕ ತೆರೆದರು. ನನಗೆ ತೋರಿಸದೆ ಒಳಗೆ ಹೋದರು.

ನಾಲ್ಕೂವರೆಗೆ ಹೆಣ್ಣುಮಗು ಅತ್ತದ್ದು ಕೇಳಿಸಿತು. ಅದಾದ ಮೇಲೆ ಬಾಗಿಲು ತೆರೆಯಲಿಲ್ಲ. ದಾದಿ ಬಟ್ಟೆಯ ಬುಟ್ಟಿ ಹಿಡಿದು ಹೊರಗೆ ಹೋದಳು, ಖಾಲಿ ಬುಟ್ಟಿ ತಂದಳು, ಮತ್ತೆ ತುಂಬಿದ ಬುಟ್ಟಿ ಒಯ್ದಳು. ಬಟ್ಟೆ ಎಷ್ಟು ಕೆಂಪಾಗಿದೆ ಎಂದು ನಾನು ನೋಡಿದೆ. ಆ ಕೆಂಪನ್ನು ಏರಿಸಲು ಒಂದೊಂದು ಅರ್ಧ ಮಾತ್ರೆಗೂ ಕಾದವಳು ನಾನು, ಅದು ಬುಟ್ಟಿಯಲ್ಲಿ ಹೋಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮ ಬಂದರು.

"ರಕ್ತ ನಿಂತಿದೆ. ಐವತ್ತರ ಮೇಲಿತ್ತು, ಅದಕ್ಕೆ ಇವತ್ತು ಉಸಿರಿದೆ. ನಲವತ್ತೇ ಆಗಿದ್ದಿದ್ದರೆ ನಾನು ನಿಮ್ಮ ಹತ್ರ ಬೇರೆ ಮಾತು ಆಡ್ತಿದ್ದೆ. ಈಗ ಮೂವತ್ತಕ್ಕೆ ಇಳಿದಿದೆ. ಜ್ವರ ಬಂದರೆ ತಡ್ಕೊಳೋ ಶಕ್ತಿ ಇಲ್ಲ. ಹತ್ತು ದಿನ ದಾಟಲಿ, ಆಮೇಲೆ ಹೇಳ್ತೀನಿ." ಆಮೇಲೆ ನನ್ನನ್ನು ನೋಡಿ, "ಈ ಸಲ ಹೇಗೆ ಏರಿತು?" ಎಂದರು.

ಹೇಳಿದೆ. ದಾಳಿಂಬೆ ಸಿಪ್ಪೆಯಿಂದ ಹಿಡಿದು ಎಲ್ಲವನ್ನೂ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. "ಮೊದಲೇ ಹೇಳಿದ್ದಿದ್ದರೆ," ಎಂದು ಅಲ್ಲಿಗೇ ನಿಲ್ಲಿಸಿ, "ನಾನೂ ಕೇಳಲಿಲ್ಲ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆ ಒಂದು ತಿಂಗಳು ದಂಡವಾಗದಿದ್ದರೆ ಅವಳು ಎಪ್ಪತ್ತರಲ್ಲಿ ಆ ಕೋಣೆಯೊಳಗೆ ಹೋಗುತ್ತಿದ್ದಳು. ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮಗಳು ಕಣ್ಣು ಬಿಟ್ಟಳು. ಮುಖ ದಿಂಬಿನ ಬಟ್ಟೆಗಿಂತ ಬಿಳಿಚಿತ್ತು. ಮಗುವನ್ನು ಪಕ್ಕಕ್ಕೆ ಮಲಗಿಸಿದೆ. ಕೈಯೆತ್ತಲಾಗದೆ ಬರೀ ನೋಡಿದಳು. ದಾದಿ ಅರ್ಧ ಮಾತ್ರೆ ಕೊಟ್ಟು ಹೋಗಿದ್ದಳು. ನಾನು ನಲ್ಲಿಯಿಂದ ಲೋಟದಲ್ಲಿ ನೀರು ಹಿಡಿದು ತಂದು ಅವಳ ತಲೆಯನ್ನು ತೋಳಿನ ಮೇಲೆತ್ತಿದೆ.

ತುಟಿಗೆ ಮುಟ್ಟಿಸುವ ಮೊದಲು ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು.

"ಇದ್ರಲ್ ಏನ್ ಹಾಕಿದ್ದೀಯವ್ವ?"

ಕೋಪವಿರಲಿಲ್ಲ ಆ ದನಿಯಲ್ಲಿ. ಗುರುತಿಲ್ಲದವರನ್ನು ಕೇಳುವಂತೆ ಕೇಳಿದಳು.

"ಏನೂ ಇಲ್ಲ ಕಣ್ ಮಗ. ಬರೀ ನೀರು."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣ ಮುಂದೆ ಲೋಟವೆತ್ತಿ ಎರಡು ಗುಟುಕು ಕುಡಿದೆ. ಆಮೇಲೆ ಲೋಟವನ್ನು ಅವಳ ಕೈಗೇ ಕೊಟ್ಟು, ಆ ಕೈಯನ್ನು ಕೆಳಗಿನಿಂದ ಹಿಡಿದುಕೊಂಡು, ಅವಳು ತಾನಾಗಿ ಬಾಯಿ ತೆರೆಯುವವರೆಗೆ ಕಾಯುತ್ತಾ ಕುಳಿತೆ.