ಎಡವುವ ಬಿಲ್ಲೆ

ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನ್ನುವ ಸ್ವಭಾವ ನನ್ನದು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಆ ವಾರವಂತೂ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಒಂದು ತೋಳನ್ನೂ ನೆಟ್ಟಗೆ ಹೊಲಿಯಲಾಗದೆ, ನಡುಮನೆಗೂ ಅಡುಗೆಮನೆಗೂ ಸುಮ್ಮನೆ ತಿರುಗುತ್ತಿದ್ದೆ. ಶುಕ್ರವಾರ ಅತ್ತೆ ಆಸ್ಪತ್ರೆಯಿಂದ ಬರುವವರಿದ್ದರು. ಅವರು ನಮ್ಮ ಮನೆಯಲ್ಲಿ ಉಳಿಯಬೇಕೋ ನಾದಿನಿಯ ಮನೆಗೆ ಹೋಗಬೇಕೋ ಎಂಬುದನ್ನು ನೆಲ ತೀರ್ಮಾನಿಸಬೇಕಿತ್ತು.

ನೆಲವೆಂದರೆ ಸುಟ್ಟ ಕೆಂಪು ಮಣ್ಣಿನ ಬಿಲ್ಲೆಗಳ ನೆಲ. ಮಾವ ಇದ್ದಾಗ ಹಾಸಿಸಿದ್ದು. ಅಲ್ಲಲ್ಲಿ ಕುಸಿದು, ಅಲ್ಲಲ್ಲಿ ಉಬ್ಬಿ, ಅಡುಗೆಮನೆಯ ಬಾಗಿಲಲ್ಲಿ ಒಂದು ಬಿಲ್ಲೆಯ ಅಂಚು ಮನೆಯವರೆಲ್ಲರ ಹೆಬ್ಬೆರಳಿಗೆ ಹಗೆಯಾಗಿ ಎದ್ದು ನಿಂತಿತ್ತು. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಅಲ್ಲೇ. ಆ ಬಿಲ್ಲೆಗೆ ಎಡವಿದೆ ಎಂದು ಅವರು ಆಸ್ಪತ್ರೆಯ ಮಂಚದ ಮೇಲೆ ಹೇಳಿದ್ದೇ ತಡ, ನಾದಿನಿ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ನೆಲ ಸರಿ ಮಾಡಿಸಲು ಏನು ಧಾಡಿ ಎಂದು ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲೇ ಕೇಳಿದಳು. ಆಮೇಲೆ ತೀರ್ಪು ಕೊಟ್ಟಳು: ನೆಲ ಮಟ್ಟವಾಗಿದ್ದರೆ ಅಮ್ಮ ನಮ್ಮಲ್ಲಿ, ಇಲ್ಲದಿದ್ದರೆ ತನ್ನಲ್ಲಿ. ಅವಳದು ಲಿಫ್ಟ್ ಇರುವ ಕಟ್ಟಡ, ಕನ್ನಡಿಯಂಥ ನೆಲ.

ನನಗೆ ಅತ್ತೆ ಬೇಕಿತ್ತು. ಲಾರಿ ಓಡಿಸುವ ಗಂಡ ತಿಂಗಳಲ್ಲಿ ಅರ್ಧಕ್ಕರ್ಧ ರಸ್ತೆಯಲ್ಲೇ ಇರುತ್ತಾನೆ. ಉಪ್ಪು ಹೆಚ್ಚಾಯಿತು, ದೀಪ ಆರಿಸಲಿಲ್ಲ, ಬಟ್ಟೆ ಒಣಹಾಕುವ ರೀತಿಯೇ ಇದು ಎಂದು ಬೆಳಗಾದರೆ ಜಗಳ ತೆಗೆಯುವವರು ಇಲ್ಲದೆ ನನ್ನ ಬಾಯಿಗೆ ತುಕ್ಕು ಹಿಡಿದಿತ್ತು. ಬೈಯುವವರಿಲ್ಲದೆ ಇಷ್ಟು ಒಂಟಿಯಾಗುತ್ತೇನೆಂದು ನಾನು ಎಣಿಸಿರಲಿಲ್ಲ.

ಗಾರೆ ಮೇಸ್ತ್ರಿ ಬಂದ. ಮನೆಗೆ ಬೆಂಕಿ ಬಿದ್ದರೂ ಟೀ ಮುಗಿಸಿಯೇ ಏಳುವ ಆಸಾಮಿ. ರಸಮಟ್ಟವನ್ನು ನೆಲದ ಮೇಲಿಟ್ಟು, ಅದರೊಳಗಿನ ಗುಳ್ಳೆ ಅತ್ತಿತ್ತ ಸರಿಯುವುದನ್ನು ನೋಡುತ್ತ ಕೂತ. ಬಿಲ್ಲೆಗಳನ್ನು ಕಿತ್ತು, ಅಡಿಯಲ್ಲಿ ಹೊಸ ಗಾರೆ ಹಾಕಿ ಕೂರಿಸಬೇಕು, ಒಣಗುವವರೆಗೆ ಯಾರೂ ತುಳಿಯಬಾರದು ಎಂದ. ಅಷ್ಟು ಪುರುಸೊತ್ತು ಯಾರಿಗಿತ್ತು? ಉಬ್ಬಿದ್ದನ್ನು ಉಜ್ಜು, ಕುಸಿದಲ್ಲಿ ತುಂಬು ಎಂದೆ. ಉಜ್ಜಿದರೆ ಬಿಲ್ಲೆಯ ಬೆಂದ ಮೈ ಹೋಗಿ ಒಳಗಿನ ಮೆತ್ತನೆಯ ಮಣ್ಣು ಪುಡಿ ಏಳುತ್ತದೆ, ಆಮೇಲೆ ತನ್ನ ಹೆಸರು ಹೇಳಬಾರದು ಎಂದ. ಒಪ್ಪಿದೆ.

ನೆಲ ಉಜ್ಜುವ ಮೆಷಿನ್ ಶುರುವಾದದ್ದೇ ಮನೆ ಕೆಂಪಾಯಿತು. ಅನ್ನದಲ್ಲಿ ಧೂಳು, ರೆಪ್ಪೆಯಲ್ಲಿ ಧೂಳು, ಯಾರದೋ ಮದುವೆಗೆಂದು ಹೊಲಿದಿಟ್ಟ ಬಿಳಿ ಅಂಗಿಯ ಮೇಲೆ ಧೂಳು. ಮೂಲೆಗಳಿಗೂ ಬಾಗಿಲ ಸಂದಿಗೂ ಮೆಷಿನ್ ಹೋಗದು. ಮೇಸ್ತ್ರಿ ಕೈಯಲ್ಲಿ ಉಜ್ಜುವ ನಿಧಾನ ನೋಡಲಾಗದೆ ಅವನ ಕಲ್ಲನ್ನು ಕಿತ್ತುಕೊಂಡು, ನೀರು ಚಿಮುಕಿಸಿ, ಎಡವುವ ಬಿಲ್ಲೆಯ ಮುಂದೆ ನಾನೇ ಕೂತೆ. ಹಲ್ಲು ಕಚ್ಚಿ ಉಜ್ಜಿದೆ. ನಾದಿನಿಯ ಮುಖ ನೆನೆಸಿಕೊಂಡು ಇನ್ನಷ್ಟು ಉಜ್ಜಿದೆ. ನೂಲಿನ ರೀಲನ್ನು ನೆಲದ ಮೇಲಿಟ್ಟು ನೋಡುವುದು, ಅದು ಉರುಳಿದರೆ ಮತ್ತೆ ಉಜ್ಜುವುದು.

“ಸಾಕು ಬಿಡಿ ಅಕ್ಕ, ಇನ್ನೂ ಉಜ್ಜಿದ್ರೆ ಪಾತಾಳ ಕಾಣುತ್ತೆ,” ಎಂದ ಮೇಸ್ತ್ರಿ.

ಬಿಲ್ಲೆಗಳಿಗೆ ಅಗಸೆ ಎಣ್ಣೆ ಕುಡಿಸಿದ ಮೇಲೆ ಪುಡಿ ಏಳುವುದು ನಿಂತಿತು. ಮೇಲೆ ಉಳಿದ ಜಿಡ್ಡನ್ನು ಹಳೆ ಬಟ್ಟೆಯಿಂದ ಒರೆಸಿ ಒರೆಸಿ, ಜಾರುತ್ತದೋ ಎಂದು ಬರಿಗಾಲಲ್ಲಿ ಓಡಿ ನೋಡಿದೆ. ಜಾರಲಿಲ್ಲ. ಆದರೂ ನಿದ್ದೆ ಹತ್ತಲಿಲ್ಲ.

ಶುಕ್ರವಾರ ನಾದಿನಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಕಳಚಿ, ಒಂದೊಂದು ಬಿಲ್ಲೆಯ ಮೇಲೂ ಅಂಗಾಲು ಎಳೆದು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ಅಂಗೈಯಿಂದ ಸವರಿದಳು. ಮೊಸರಲ್ಲಿ ಕಲ್ಲು ಹುಡುಕುವ ಹೆಣ್ಣು, ಏನೂ ಸಿಗಲಿಲ್ಲ. ಸರಿ ಅತ್ತಿಗೆ, ಅಮ್ಮ ಇಲ್ಲೇ ಇರಲಿ ಎಂದು, ಕಾರಿನಿಂದ ಬಟ್ಟೆಯ ಚೀಲ ತರಲು ಹೋದಳು. ನನಗೆ ಹಿಗ್ಗೋ ಹಿಗ್ಗು.

ಅತ್ತೆ ಆಗಲೇ ವಾಕರ್ ಹಿಡಿದು ಅಡುಗೆಮನೆಯ ಕಡೆ ಹೊರಟಿದ್ದರು, ನನ್ನ ಪಾತ್ರೆಗಳ ತಪ್ಪು ಹುಡುಕಲೇ ಇರಬೇಕು. ನಾನು ಪಕ್ಕದಲ್ಲೇ ಇದ್ದೆ. ಬಾಗಿಲ ಹತ್ತಿರ ಅವರು ಸುಮ್ಮನೆ ನಿಂತರು. ನಿಂತ ಹಾಗೆಯೇ ಎಡಗಾಲು ಮಡಚಿಕೊಂಡಿತು. ವಾಕರ್ ಪಕ್ಕಕ್ಕೆ ಉರುಳಿತು. ನಾನು ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದೆ.

“ಎಡವಿದ್ರಾ?”

ಅತ್ತೆ ಹೊರಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಎಡವೋಕೆ ಏನಿದೆ ಇಲ್ಲಿ? ಅವತ್ತೂ ಎಡವಲಿಲ್ಲ ಕಣೆ. ಈ ಕಾಲು ಇದ್ದಕ್ಕಿದ್ದ ಹಾಗೆ ನಂದೇ ಅಲ್ಲ ಅನ್ನೋ ಹಾಗಾಗುತ್ತೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ, ನಾನೂ ಹಾಗೇ ಅಂದೆ. ನೀನು ಡೊಂಕನ್ನೇ ತೆಗೆದುಬಿಟ್ಟಿದೀಯ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಕೈಯನ್ನು ಅವರು ಬಿಗಿಯಾಗಿ ಹಿಡಿದಿದ್ದರು. “ಅವಳಿಗೆ ಹೇಳಬೇಡ. ಹೇಳಿದ್ರೆ ಕರ್ಕೊಂಡು ಹೋಗ್ತಾಳೆ.”

ಮೆಟ್ಟಿಲ ಮೇಲೆ ನಾದಿನಿಯ ಹೆಜ್ಜೆ ಕೇಳಿಸಿತು. ಹೇಳದಿದ್ದರೆ ಅತ್ತೆ ನನ್ನವರು. ವಾಕರ್ ಸಿಕ್ಕಿಹಾಕಿಕೊಂಡಿತು ಅಂದರೆ ಮುಗಿಯಿತು, ಅವಳು ನಂಬುವಂಥ ಸುಳ್ಳು. ಆದರೆ ಇನ್ನೊಂದು ಸಲ ಈ ಕಾಲು ಮಡಚಿಕೊಂಡಾಗ ನಾನು ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿದ್ದರೆ? ನನಗೆ ಹೆದರಿಕೆಯಾಯಿತು. ಬಾಗಿಲಲ್ಲಿ ಚೀಲ ಹಿಡಿದು ನಿಂತ ನಾದಿನಿ ಏನಾಯಿತೆಂದು ಕೇಳಿದಳು.

“ಅತ್ತೆಗೆ ಎಡಗಾಲಿನ ಸ್ವಾಧೀನ ತಪ್ಪುತ್ತಿದೆ,” ಎಂದೆ. “ಬಿದ್ದದ್ದೂ ಅದಕ್ಕೇ. ಈಗಲೇ ಡಾಕ್ಟರಿಗೆ ತೋರಿಸು. ಆಮೇಲೆ ನಿನ್ನ ಮನೆಯಲ್ಲೇ ಇರಲಿ, ಅಲ್ಲಿ ಯಾವಾಗಲೂ ಜನ ಇರ್ತಾರೆ.”

ಅತ್ತೆ ನನ್ನ ಕೈ ಬಿಟ್ಟರು. ಚೀಲ ಬಿಚ್ಚದೆಯೇ ಕಾರಿಗೆ ವಾಪಸ್ಸು ಹೋಯಿತು. ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಭಾರ ಹಾಕಿದರೇ ಹೊರತು ಮುಖ ನೋಡಲಿಲ್ಲ. ಕಾರಿನಲ್ಲಿ ಕೂತ ಮೇಲೂ ನನ್ನ ಕಡೆ ತಿರುಗದೆ ಮಗಳಿಗೆ ಹೇಳಿದರು:

“ಇವಳನ್ನೂ ಆಗಾಗ ಕರೆಸ್ಕೋ. ಒಬ್ಬಳೇ ಬಿಟ್ಟರೆ ಗೋಡೆನೂ ಉಜ್ಜಿಬಿಡ್ತಾಳೆ.”

ನಾದಿನಿ ನಗಲಿಲ್ಲ, ನಾನೂ ನಗಲಿಲ್ಲ. ಅತ್ತೆಯ ಸೆರಗನ್ನು ಒಳಗೆ ಸರಿಸಿ, ಕಾರಿನ ಬಾಗಿಲನ್ನು ನಾನೇ ಹಾಕಿದೆ.