ಪ್ರಾಸಕ್ಕೆ ಸಿಕ್ಕ ಕಾವಲುಗಾರ

ರ‍್ಯಾಪ್ ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ದೇಶದ ಬೀದಿಯಲ್ಲಿ. ಅದನ್ನು ತಂದು ತನ್ನ ಓಣಿಯ ಸಂಕಟದ ಅಳತೆಗೆ ಹೊಲಿದವನು ಚಾಟಿ ಎಂಬ ಅಡ್ಡಹೆಸರಿನ ಹುಡುಗ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಪ್ರಾಸದ ಧ್ಯಾನ. ನಾಲಿಗೆ ಅವನದು ಚಾಟಿಯೇ, ಸುಳ್ಳಲ್ಲ. ಆದರೆ ಬೀಸುವವನಿಗೆ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬ ಎಚ್ಚರವೂ ಇರಬೇಕಲ್ಲ.

ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು ಮೂವರು ಹೆಂಗಸರು ಹೊಗೆಯಲ್ಲಿ ಸತ್ತಾಗ ಅವನು ಹಾಡು ಕಟ್ಟಿದ. ಹಿಂಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಊಟಕ್ಕೆ ಹೋಗಿದ್ದವನು ಮ್ಯಾನೇಜರು. ಸರಳಿನಿಂದ ಆ ಬೀಗ ಮುರಿದು ಉಳಿದವರನ್ನು ಹೊರಗೆಳೆದವನು ಕಾವಲುಗಾರ, ಚಾಟಿಯನ್ನು ಸಾಕಿ ಬೆಳೆಸಿದ ಸೋದರಮಾವ. ಚಾಟಿಗೆ ಎಲ್ಲ ಗೊತ್ತಿತ್ತು. ಆದರೆ ಹಾಳು ಮ್ಯಾನೇಜರು ಯಾವ ಪ್ರಾಸಕ್ಕೂ ಒಗ್ಗಲಿಲ್ಲ.

‘ಕಿಟಕಿಗೆ ಕಂಬಿ, ಗಾಳಿಗೂ ಬರ,
ಬಾಗಿಲಿಗೆ ಬೀಗ ಜಡಿದ ಕಾವಲುಗಾರ.’

ಕಾವಲುಗಾರ ಅಂದರೆ ಇಡೀ ವ್ಯವಸ್ಥೆ, ಕೇಳುವವರಿಗೆ ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೇಳುವವರಿಗೆ ಅಷ್ಟು ಪುರುಸೊತ್ತೆಲ್ಲಿ? ಹಾಡು ವಾರದೊಳಗೆ ಮನೆಮಾತಾಯಿತು. ಓಣಿಯವರು ಮಾವನ ಬೆನ್ನ ಹಿಂದೆ ಅದೇ ಸಾಲು ಗುನುಗಿದರು. ಚಾಟಿ ಹೆದರಿ, ಸಾಲು ತಿದ್ದಿ ಮತ್ತೆ ಹಾಡಿದ. ಹಳೆಯದರ ಮಜಾ ಇಲ್ಲ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಿಚಾರಣೆ ಶುರುವಾಗುವ ಹೊತ್ತಿಗೆ ಮುರಿದ ಬೀಗ ಮಾಯವಾಗಿತ್ತು. ಬದುಕುಳಿದವರು ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಬೀಗವೇ ಇರಲಿಲ್ಲ, ಇದ್ದರೆ ಹಾಕಿದವನು ಕಾವಲುಗಾರನೇ ಎಂದ ಕಂಪನಿಯ ವಕೀಲ, ವಿಚಾರಣಾಧಿಕಾರಿಯ ಮುಂದೆ ಫೋನಿಟ್ಟು ಹಾಡು ಕೇಳಿಸಿದ. ಚಾಟಿ ಎದ್ದು, ಅದು ಪ್ರಾಸಕ್ಕೆ ಬರೆದದ್ದು, ಬೀಗ ಹಾಕಿದ್ದು ಮ್ಯಾನೇಜರು ಅಂದ. ಮಾವನ ಮೇಲೆ ಬಂದಾಗ ಹಾಡು ಸುಳ್ಳು, ನಮ್ಮ ಮೇಲೆ ಬಂದಾಗ ನಿಜವೋ ಎಂದು ವಕೀಲ ನಕ್ಕ.

“ಒಂದೇ ಬಾಯಲ್ಲಿ ಎರಡು ಮಾತು ಬರ್ಕೊಳ್ಳಕ್ಕಾಗಲ್ಲ,” ಅಂದ ಅಧಿಕಾರಿ. “ಹಾಡು ನಿಜಾನೋ, ಸುಳ್ಳೋ?”

ಅತ್ತ ದರಿ, ಇತ್ತ ಪುಲಿ. ಸುಳ್ಳೆಂದರೆ ಬೀಗವೂ ಸುಳ್ಳು, ಸತ್ತವರ ಮನೆಯವರಿಗೆ ಪರಿಹಾರವೆಂದು ಮಣ್ಣೂ ಸಿಗುವುದಿಲ್ಲ. ನಿಜವೆಂದರೆ ಮಾವ ಜೈಲಿಗೆ. ಚಾಟಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಾವ ಎದ್ದ. ಸತ್ತ ಮೂವರೂ ಅವನನ್ನು ಅಣ್ಣ ಎಂದು ಕರೆಯುತ್ತಿದ್ದವರು.

“ಹಾಡು ನಿಜ ಸಾರ್. ಬೀಗ ಇತ್ತು, ಅದನ್ನ ಮೊದ್ಲು ಬರ್ಕೊಳ್ಳಿ.”

ಅಧಿಕಾರಿ ಬರೆದುಕೊಂಡ. ಬೀಗ ಇತ್ತು. ಹಾಕಿದವನು ಕಾವಲುಗಾರ. ಮಾವ ಸಹಿ ಹಾಕಿದ. ಸಾಕ್ಷಿಯ ಜಾಗ ಖಾಲಿ ಇತ್ತು. ಅಧಿಕಾರಿ ಹಾಳೆಯನ್ನು ಚಾಟಿಯ ಕಡೆ ತಳ್ಳಿದ.

ಚಾಟಿ ಮಾವನ ಮುಖ ನೋಡಿದ.

“ಹಾಕು,” ಅಂದ ಮಾವ.

ಹಾಕಿದ.