ಹಂಕೊ ಅಂಗಡಿಗೆ ಲಕ್ಷ ಕ್ಲಿಕ್ಕಿನ ಅರ್ಚನೆ

ಜಪಾನಿನ ಕಾಶಿವಾದಲ್ಲಿ ಯಾರು ಇಂಟರ್‌ನೆಟ್ಟಿನಲ್ಲಿ ಹಂಕೊ ಎಂದು ಹುಡುಕಿದರೂ ಮೊದಲು ನಿಮ್ಮ ಅಂಗಡಿಯೇ ಬರುವ ಹಾಗೆ ಮಾಡುತ್ತೇನೆ ಎಂದು ಜ್ಯೋತ್ಸ್ನಾ ಒಗಾವಾ-ಸಾನ್‌ಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು.

ಆಗ ಅವಳು ಬೆಂಗಳೂರಿನಿಂದ ಬಂದ ಹೊಸತು. ಹೆಸರು ಕೆತ್ತಿದ ಮುದ್ರೆ, ಅಂದರೆ ಹಂಕೊ, ಇಲ್ಲದೆ ಬ್ಯಾಂಕಿನವರು ಖಾತೆ ತೆರೆಯಲೊಲ್ಲರು. ಎರಡು ಅಂಗಡಿಯವರು ‘ಜ್ಯೋತ್ಸ್ನಾ’ ಎಂಬುದನ್ನು ಕೇಳಿದ ಕೂಡಲೇ ಸುಮಿಮಾಸೆನ್, ಕ್ಷಮಿಸಿ, ಎಂದು ತಲೆಬಾಗಿ, ಇಷ್ಟುದ್ದದ ಹೆಸರು ಬೆರಳುಗಾತ್ರದ ಕಡ್ಡಿಯ ತುದಿಯಲ್ಲಿ ಕೂರುವುದಿಲ್ಲವೆಂದು ಕಳಿಸಿದ್ದರು. ಒಗಾವಾ-ಸಾನ್ ಮಾತ್ರ ಮೂರು ಸಲ ಕೆತ್ತಿ, ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಕೂರಿಸಿಯೇ ಬಿಟ್ಟರು. ಆ ಖುಷಿಯಲ್ಲಿ, ಅರೆಬರೆ ಜಪಾನಿಯಲ್ಲಿ, ಬಾಯಿಂದ ಬಂದ ಮಾತು ಅದು. ಆಮೇಲೆ ಮಗಳು ಹುಟ್ಟಿದಳು, ಶಿನಾಗಾವಾದ ಆಫೀಸಿನ ರೈಲು ಹಿಡಿಯುವುದರಲ್ಲೇ ವರ್ಷಗಳು ಹೋದವು.

ಕೊರೊನಾ ಬಂದ ವರ್ಷದ ಕೊನೆಯಲ್ಲಿ ಒಗಾವಾ-ಸಾನ್ ಅವಳ ಬಾಗಿಲ ಮುಂದೆ ಒಂದು ಚೀಲ ಪರ್ಸಿಮನ್ ಹಣ್ಣು ಇಟ್ಟುಹೋದರು. ಜೊತೆಗೊಂದು ಚೀಟಿ: ಎಲ್ಲ ಆನ್‌ಲೈನ್ ಆಗಿ ಊರಿಗೇ ಮುದ್ರೆ ಬೇಡವಾಗಿದೆ, ಮಾರ್ಚಿಗೆ ಅಂಗಡಿ ಮುಚ್ಚುತ್ತೇನೆ, ಇಷ್ಟು ದಿನದ ಸ್ನೇಹಕ್ಕೆ ವಂದನೆ. ಹಳೆಯ ಮಾತಿನ ಸುದ್ದಿಯೇ ಇಲ್ಲ. ನೆನಪಿಸಿ ಬೈದಿದ್ದರೆ ಜ್ಯೋತ್ಸ್ನಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಹುಡುಕಿ ನೋಡಿದಳು. ಒಗಾವಾ ಅಂಗಡಿ ಏಳನೇ ಪುಟದಲ್ಲಿತ್ತು, ಹಂಕೊ ಎಂಬ ಹೆಸರಿನ ಬೆಕ್ಕಿನ ಬ್ಲಾಗಿಗಿಂತ ಕೆಳಗೆ.

ಮೊದಲು ಮರ್ಯಾದೆಯ ದಾರಿ ಹಿಡಿದಳು. ಬೇರೆ ಬೇರೆ ಪುಟಗಳಿಂದ ಕೊಂಡಿ ಬಂದರೆ ಅಂಗಡಿಯ ಘನತೆ ಹೆಚ್ಚುತ್ತದೆ ಎಂಬುದು ಲೆಕ್ಕ. ಅಲ್ಲಿನ ಕನ್ನಡ ಬಳಗದವರು ತಮ್ಮ ಪುಟದ ಹಳೆಯ ಯುಗಾದಿ ಫೋಟೋಗಳ ಕೆಳಗೆ ಒಂದು ಕೊಂಡಿ ಹಾಕಿದರು. ನೋಮಿ ಎಂಬ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬಾಲಸುಬ್ರಹ್ಮಣ್ಯ ತನ್ನ ಪುಳಿಯೋಗರೆ ಬ್ಲಾಗಿನಲ್ಲಿ ‘ಬಾಣಲೆ ಕಾದ ಮೇಲೆ ಇಲ್ಲಿ ಒತ್ತಿ’ ಎಂದು ಬರೆದ. ಅಂಗಡಿ ಆರನೇ ಪುಟಕ್ಕೆ ಬಂತು. ಮರುವಾರ ಬೆಕ್ಕು ಮರಿ ಹಾಕಿದ್ದರಿಂದ ಮತ್ತೆ ಏಳಕ್ಕೆ ಇಳಿಯಿತು.

ಇದನ್ನೆಲ್ಲ ಅತ್ತೆ ಪದ್ಮಾ, ಅವರೆಕಾಳು ಸಿಗದ ದೇಶದಲ್ಲಿ ಬಟಾಣಿ ಬಿಡಿಸುತ್ತ ನೋಡುತ್ತಿದ್ದರು. ಮೂರು ತಿಂಗಳಿಗೆಂದು ಬಂದವರು, ವಿಮಾನ ನಿಂತು ಹತ್ತು ತಿಂಗಳಿಂದ ಇಲ್ಲೇ ಇದ್ದರು.

"ಜನ ಒತ್ತಿದ್ರೆ ಮೇಲಕ್ಕೆ ಬರುತ್ತಾ ಅದು?"

"ಬರಬಹುದು ಅತ್ತೆ. ಹುಡುಕಿ, ಒತ್ತಿ, ಸ್ವಲ್ಪ ಹೊತ್ತು ನೋಡ್ತಾ ಕೂರ್ಬೇಕು. ಸಾವಿರಾರು ಜನ."

"ಜನ ಯಾಕೆ? ಲಕ್ಷಾರ್ಚನೆಗೆ ಲಕ್ಷ ಜನ ಬರ್ತಾರಾ? ಹಂಚ್ಕೊಂಡು ಮಾಡಲ್ವಾ?"

ಮೈಸೂರಿನಲ್ಲಿ ಪದ್ಮಾ ಅವರ ಸಹಸ್ರನಾಮ ಮಂಡಳಿಯಿತ್ತು. ನಲವತ್ತೆರಡು ಹೆಂಗಸರು. ಒಟ್ಟಿಗೆ ಕೂರುವಂತಿಲ್ಲದೆ ಎಲ್ಲರೂ ಮನೆಯಲ್ಲಿ ಫೋನು ಹಿಡಿದು ಕೊರಗುತ್ತಿದ್ದರು. ಪದ್ಮಾ ವಾಟ್ಸಾಪಿನಲ್ಲಿ ಪಟ್ಟಿ ಹಾಕಿದರು: ತಲೆಗೆ ದಿನಕ್ಕೆ ನೂರೆಂಟು. ಬೆಳಿಗ್ಗೆ ಆರಕ್ಕೆ ಸ್ನಾನ, ಗಣಪತಿಗೊಂದು ನಮಸ್ಕಾರ, ಆಮೇಲೆ ‘ಕಾಶಿವಾ ಹಂಕೊ’ ಎಂದು ಬರೆಯುವುದು. ಆರು ಪುಟ ಏನನ್ನೂ ಮುಟ್ಟದೆ ದಾಟಬೇಕು, ಅದು ಪ್ರದಕ್ಷಿಣೆ. ಏಳರಲ್ಲಿ ಒತ್ತಿ, ಒಂದು ನಿಮಿಷ ಕಣ್ತುಂಬ ನೋಡಬೇಕು.

ಮಗಳು, ಎಂಟರ ಹಂಸಾ, ಆನ್‌ಲೈನ್ ಪಾಠದ ನಡುವೆ ಹೆಡ್‌ಫೋನ್ ತೆಗೆದಳು. "ಅಜ್ಜಿ, ದಟ್ಸ್ ಚೀಟಿಂಗ್, ನೇ?"

"ದೇವರಿಗೆ ಮಾಡಿದ್ರೆ ಚೀಟಿಂಗಾ? ಸುಮ್ನೆ ಗಣಿತ ಮಾಡು."

ಜ್ಯೋತ್ಸ್ನಾ ಬೇಡವೆನ್ನಬೇಕಿತ್ತು. ಅಷ್ಟರಲ್ಲಿ ಮೀಟಿಂಗು ಶುರುವಾಯಿತು.

ಮೂರನೇ ದಿನ ಇಂದಿರಾ ಫೋನು ಮಾಡಿದರು. ಮಂಡಳಿಯಲ್ಲೇ ಹಿರಿಯರು.

"ಪದ್ಮಾ, ನೀನು ಯಂತ್ರಾನಾ ಅಂತ ಫೋನು ನನ್ನೇ ಕೇಳ್ತಿದೆ ಕಣೇ! ಎಪ್ಪತ್ನಾಲ್ಕು ವರ್ಷದಲ್ಲಿ ಅತ್ತೆ ಮನೇಲೂ ಹಂಗೆ ಕೇಳಿರ್ಲಿಲ್ಲ. ಸಿಗ್ನಲ್ ದೀಪ ಇರೋ ಚೌಕ ಎಲ್ಲಾ ತೋರ್ಸು ಅಂತೆ. ಕಂಬ ಸೇರುತ್ತೋ ಇಲ್ವೋ?"

"ಸೇರಿಸ್ಬಿಡಿ ಅಕ್ಕಾ. ಜಾಸ್ತಿ ಆದ್ರೆ ದೋಷ ಇಲ್ಲ."

ಇಪ್ಪತ್ಮೂರನೇ ದಿನಕ್ಕೆ ಲಕ್ಷ ಮುಗಿಯಿತು. ಕೊನೆಗೆ ಮಂಡಳಿಯ ಕಾತ್ಯಾಯಿನಿ ತಮ್ಮ ಫೋನಿನ ಚಿತ್ರ ಕಳಿಸಿದರು: ಒಗಾವಾ ಅಂಗಡಿ ಒಂದನೇ ಪುಟ, ಒಂದನೇ ಸಾಲು! ಪದ್ಮಾ ಗಸಗಸೆ ಪಾಯಸ ಮಾಡಿದರು. ಜ್ಯೋತ್ಸ್ನಾ ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ಹುಡುಕಿದಳು.

ಏಳನೇ ಪುಟ. ಮೇಲೆ ಬೆಕ್ಕು, ಮರಿಗಳ ಸಮೇತ.

ಇನ್ನೊಮ್ಮೆ ಹುಡುಕಿದ ಮೇಲೆ ಅವಳಿಗೆ ಹೊಳೆಯಿತು. ಒತ್ತಿದವರೆಲ್ಲ ಮೈಸೂರಿನವರು, ಹಾಗಾಗಿ ಅದು ಮೈಸೂರಿನವರಿಗೇ ಬೇಕಾದ ಅಂಗಡಿ ಎಂದು ಹುಡುಕುಯಂತ್ರ ತೀರ್ಮಾನಿಸಿತ್ತು. ಸರಸ್ವತಿಪುರಂನಲ್ಲಿ ಒಗಾವಾ-ಸಾನ್‌ರನ್ನು ಸೋಲಿಸುವವರಿರಲಿಲ್ಲ. ಕಾಶಿವಾದಲ್ಲಿ ಕೇಳುವವರಿರಲಿಲ್ಲ.

ಮಾರ್ಚ್ ಮೊದಲ ವಾರ ಅವಳು ಕ್ಷಮೆ ಕೇಳಲೆಂದು ಅಂಗಡಿಗೆ ಹೋದಳು. ಮಾಸ್ಕಿನ ಮೇಲೆ ಒಗಾವಾ-ಸಾನ್‌ರ ಕಣ್ಣು ಕೆಂಪಗಿತ್ತು, ಕೈತುಂಬ ಮರದ ಪುಡಿ.

"ಜ್ಯೋತ್ಸ್ನಾ-ಸಾನ್, ಮೈಸೂರು ಎನ್ನುವುದು ಯಾವ ಜಿಲ್ಲೆ? ಇಷ್ಟು ವರ್ಷ ಕೇಳಿಯೇ ಇರಲಿಲ್ಲ."

ಮೇಜಿನ ಮೇಲೆ ಅರವತ್ತು ಮುದ್ರೆಗಳು ಸಾಲಾಗಿ ನಿಂತಿದ್ದವು. ದಿನಕ್ಕೆ ನೂರೆಂಟು ನಿಮಿಷ ಆ ಪುಟವನ್ನೇ ನೋಡಿದ ಹೆಂಗಸರಿಗೆ ಯಾವ ಮರ ಗಟ್ಟಿ, ಯಾವುದರ ಅಂಚು ನುಣುಪು ಎಂಬುದೆಲ್ಲ ಫೋನಿನ ಅನುವಾದದಲ್ಲೇ ಬಾಯಿಪಾಠವಾಗಿತ್ತು. ಕೊಂಬಿನದು ಮಡಿಗೆ ಆಗದೆಂದು ಎಲ್ಲರೂ ಮರದ್ದನ್ನೇ ಕೇಳಿದ್ದರು. ಇಂದಿರಾ ಉಪ್ಪಿನಕಾಯಿ ಜಾಡಿಗೆ ಕಟ್ಟುವ ಬಟ್ಟೆಯ ಮೇಲೆ ಒತ್ತಲು ಒಂದು. ಅವರ ಯಜಮಾನರು ರಾಮಪ್ರಸಾದ, ಬಡಾವಣೆ ಸಂಘದ ಪತ್ರಗಳಿಗೆ ಎರಡು. ಅದನ್ನು ಕೇಳಿ ಪಕ್ಕದ ಬಡಾವಣೆಯವರಿಗೂ ಹಟ ಬಂದಿತ್ತು. ಟಪಾಲು ಸರಾಗವಾದಾಗ ಕಳಿಸಿದರೆ ಸಾಕು, ಅವಸರವಿಲ್ಲ ಎಂದು ಎಲ್ಲರೂ ಬರೆದಿದ್ದರು.

"ನಿಮ್ಮ ಅಕ್ಷರಕ್ಕೆ ಮೂಲೆಯೇ ಇಲ್ಲ. ಉಳಿಗೆ ಒಂದು ಕಡೆಯೂ ನಿಂತು ಉಸಿರಾಡಲು ಜಾಗವಿಲ್ಲ," ಎಂದು ದೂರುತ್ತ ಅವರು ‘ಕಾತ್ಯಾಯಿನಿ’ಯನ್ನು ಎತ್ತಿ ತೋರಿಸಿದರು. "ಇದನ್ನು ಐದು ಸಲ ಕೆಡಿಸಿದೆ." ಹೇಳುವಾಗ ಬೆನ್ನು ನೆಟ್ಟಗಾಗಿತ್ತು.

"ಮಾರ್ಚಿಗೆ ಮುಚ್ಚುತ್ತೇನೆ ಅಂದಿದ್ದಿರಿ?"

"ಇನ್ನೂ ನೂರ ಹದಿನೆಂಟು ಬಾಕಿ ಇದೆ. ಮುಚ್ಚುವುದು ಹೇಗೆ?"

ಅಂಗಡಿ ಮುಚ್ಚಲಿಲ್ಲ. ಕಾಶಿವಾದಲ್ಲಿ ಹುಡುಕಿದರೆ ಅದು ಈಗಲೂ ಏಳನೇ ಪುಟದಲ್ಲಿದೆ. ಜ್ಯೋತ್ಸ್ನಾ ಕೊಟ್ಟ ಮಾತು ನಡೆಯಲಿಲ್ಲ.